ಎರಡು ಸಲ ಸಿಡಿದ ಧ್ವನಿ

ಸೋಮವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ, ಆಸ್ಪತ್ರೆಯ ಮೊದಲ ಮಹಡಿಯ ಕಾರಿಡಾರಿನಲ್ಲಿ, ಬಿರುತಾ ರುಬೆನೆ ಎಂಬ ವಿಧವೆ ದಾಗ್ನಿಯಾ ಸ್ಪ್ರೊಗೆಯ ಕೈಗೆ ಎರಡು ಬಿಳಿ ಸೇವಂತಿಗೆ ಹೂ ಕೊಟ್ಟಳು.

ಎರಡು. ಲಾಟ್ವಿಯಾದ ಈ ವಾಲ್ಮಿಯೆರಾ ಊರಿನಲ್ಲಿ ಬದುಕಿರುವವರಿಗೆ ಬೆಸ ಸಂಖ್ಯೆಯ ಹೂ ಕೊಡುತ್ತಾರೆ. ಸಮ ಸಂಖ್ಯೆಯದು ಹೆಣಕ್ಕೆ. ಔಷಧದ ಗಾಡಿ ತಳ್ಳುತ್ತಿದ್ದ ನರ್ಸ್ ಇದ್ದಲ್ಲೇ ನಿಂತಳು. ಗಾಲಿಕುರ್ಚಿಯಲ್ಲಿದ್ದ ಮುದುಕರೊಬ್ಬರು ಹೂಗಳನ್ನು ಕಣ್ಣಲ್ಲೇ ಎಣಿಸಿ ಮುಖ ತಿರುಗಿಸಿದರು.

"ತಗೋ," ಎಂದಳು ಬಿರುತಾ. "ನನ್ನ ಗಂಡನಿಗೆ ಅಂತ ಕೊಂಡಿದ್ದೆ. ಅವನಿಗೆ ಸಾಕಾಗುವಷ್ಟಿದೆ. ಇವು ನಿನಗೆ."

"ನಾನು ಆ ಚಹಾ ಕೊಡಿ ಅನ್ನಲಿಲ್ಲ ಬಿರುತಾ ಅವರೇ."

"ಕಂಪ್ಯೂಟರಿನಲ್ಲಿ ನಿನ್ನ ಹೆಸರಿದೆಯಲ್ಲ! ಅದು ತಾನಾಗಿ ಹುಟ್ಟಿತಾ?"

"ಯಾರೋ ಹುಟ್ಟಿಸಿದಾರೆ."

"ನಾಚಿಕೆ ಆಗಲ್ವೇನೇ ನಿನಗೆ? ಮಾತು ಕಲಿಸೋಳು ನೀನು. ಒಂದು ನಿಜ ಮಾತು ಬರಲ್ಲ ನಿನ್ನ ಬಾಯಲ್ಲಿ!"

ತನಿಖಾಧಿಕಾರಿ ವೆಲ್ಗಾ ಏರ್ಗ್ಲೆ ಇಬ್ಬರ ನಡುವೆ ಬಂದು ನಿಂತಳು. "ಸಾಕು. ಬಿರುತಾ ಅವರೇ, ಕೆಳಗೆ ಹೋಗಿ. ನಿಮ್ಮ ದೂರು ನನ್ನ ಹತ್ತಿರ ಇದೆ. ಅದನ್ನು ಕಾರಿಡಾರಿನಲ್ಲಿ ಇನ್ನೊಂದು ಸಲ ಕೊಡಬೇಕಾಗಿಲ್ಲ."

ಬಿರುತಾ ಹೋದಳು. ದಾಗ್ನಿಯಾ ಹೂಗಳನ್ನು ಬಿಸಾಡಲೂ ಇಲ್ಲ, ಕೆಳಗಿಡಲೂ ಇಲ್ಲ. ಇಪ್ಪತ್ತೊಂಬತ್ತು ವರ್ಷದ ವಾಕ್ ಚಿಕಿತ್ಸಕಿ, ಕೆಲಸದಿಂದ ಅಮಾನತಾದವಳು, ಗೋಡೆಗೊರಗಿ ನಿಂತಳು.

ಪ್ರಕರಣ ಇಷ್ಟು. ಬಿರುತಾಳ ಗಂಡ, ನಿವೃತ್ತ ಬಸ್ ಚಾಲಕ ಏವಾಲ್ಡ್ಸ್ ರುಬೆನಿಸ್ ಆಗಸ್ಟ್‌ನಲ್ಲಿ ಲಕ್ವ ಹೊಡೆದು ಈ ಪುನರ್ವಸತಿ ಆಸ್ಪತ್ರೆಗೆ ಬಂದರು. ಮಾತು ತೊದಲುತ್ತಿತ್ತು, ನುಂಗುವುದು ಕಷ್ಟವಾಗಿತ್ತು. ಚಹಾ, ನೀರು ಎಲ್ಲವನ್ನೂ ಗಂಜಿಯಷ್ಟು ಗಟ್ಟಿ ಮಾಡಿ ಚಮಚದಲ್ಲಿ ಕೊಡಬೇಕಿತ್ತು. ತೆಳುವಾದದ್ದು ಕೊಟ್ಟರೆ ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿಯುವ ಭಯ. ಅಕ್ಟೋಬರ್ ಹದಿನಾಲ್ಕರಂದು ಅವರಿಗೆ ಲೋಟದ ತುಂಬ ಮಾಮೂಲಿ ಚಹಾ ಕೊಡಲಾಯಿತು. ಹದಿನೇಳರಂದು ತೀರಿಕೊಂಡರು. ತೆಳು ಪಾನೀಯ ಕೊಡಬಹುದೆಂಬ ಅನುಮತಿ, ಚಹಾ ಕೊಟ್ಟ ಹಿಂದಿನ ಸಂಜೆ, ದಾಗ್ನಿಯಾಳ ಹೆಸರಿನಲ್ಲಿ ದಾಖಲಾಗಿತ್ತು.

ಉಳಿದದ್ದು ಎರಡು ಧ್ವನಿಮುದ್ರಣಗಳು. ನುಂಗಲಾರದವರ ಗಂಟಲಲ್ಲಿ ದ್ರವ ನಿಂತರೆ ಸ್ವರ ಗೊರಗೊರ ಎನ್ನುತ್ತದೆ; ಚಿಕಿತ್ಸಕರು ಅದನ್ನು ಒದ್ದೆ ಧ್ವನಿ ಎನ್ನುತ್ತಾರೆ. ಸೆಪ್ಟೆಂಬರ್ ಇಪ್ಪತ್ತೆರಡರ ಹೆಸರು ಹೊತ್ತ ಮುದ್ರಣದಲ್ಲಿ ರುಬೆನಿಸ್ ಅವರ ಧ್ವನಿ ಒದ್ದೆ. ಅಕ್ಟೋಬರ್ ಹದಿಮೂರರ ಹೆಸರಿನದರಲ್ಲಿ ಶುದ್ಧ. ಅಂದರೆ ರೋಗಿ ಸುಧಾರಿಸಿದ್ದ, ಚಿಕಿತ್ಸಕಿ ಅದನ್ನು ಕೇಳಿ ಅನುಮತಿ ಕೊಟ್ಟಳು.

ದಾಗ್ನಿಯಾ ಹೇಳುವುದು ಇದರ ತದ್ವಿರುದ್ಧ. ಸೆಪ್ಟೆಂಬರ್‌ನಲ್ಲಿ ಶುದ್ಧವಾಗಿದ್ದ ಧ್ವನಿ ಅಕ್ಟೋಬರ್‌ನಲ್ಲಿ ಕೆಟ್ಟಿತು, ಚಹಾ ಬೇಡವೆಂದು ವಿಭಾಗದ ಮುಖ್ಯಸ್ಥ ಡಾಕ್ಟರ್ ಕ್ರೈಟ್ಸ್‌ಗೆ ಬಾಯಿಮಾತಿನಲ್ಲಿ ಎಚ್ಚರಿಸಿದೆ, ಆಮೇಲೆ ಯಾರೋ ಮುದ್ರಣಗಳ ಹೆಸರು ಅದಲುಬದಲು ಮಾಡಿದ್ದಾರೆ. ಎರಡನ್ನೂ ಆಸ್ಪತ್ರೆಯ ಧ್ವನಿಕೋಣೆಯಲ್ಲಿ ತನ್ನ ಕೈಯಾರೆ ಮಾಡಿದ್ದೇನೆ ಎಂದು ಅವಳು ಹೇಳಿಕೆ ಕೊಟ್ಟಿದ್ದಳು.

ಅವಳ ಮಾತು ನಿಜವೆಂದಾದರೆ ಮನೆಗೆ. ಸುಳ್ಳೆಂದಾದರೆ ಜೈಲಿಗೆ, ಮತ್ತೆಂದೂ ಯಾವ ರೋಗಿಯ ಪಕ್ಕದಲ್ಲೂ ಕೂರುವಂತಿಲ್ಲ.

"ಎರಡು ಹೂ," ಎಂದಳು ದಾಗ್ನಿಯಾ. "ಸರಿಯಾಗಿ ಎಣಿಸಿಯೇ ತಂದಿದಾರೆ."

"ಕೊಡಿ ಇಲ್ಲಿ," ಎಂದು ವೆಲ್ಗಾ ಹೂಗಳನ್ನು ಕಿತ್ತುಕೊಂಡು ಕಸದ ಬುಟ್ಟಿಗೆ ಹಾಕಿದಳು.

* * *

ಧ್ವನಿತಜ್ಞರಿಬ್ಬರ ವರದಿಗಳು ವೆಲ್ಗಾಳ ಮೇಜಿನ ಮೇಲಿದ್ದವು. ಒಂದು ಇನ್ನೊಂದನ್ನು ಅಲ್ಲಗಳೆಯುತ್ತಿತ್ತು. ಹಿಂದಿನ ಪ್ರಕರಣದಲ್ಲಿ ಇಂಥದೇ ವರದಿ ಹಿಡಿದು ನ್ಯಾಯಾಲಯದಲ್ಲಿ ನಿಂತು, ವಕೀಲನ ಒಂದು ಪ್ರಶ್ನೆಗೂ ಉತ್ತರಿಸಲಾಗದೆ ಬಂದವಳು ಅವಳು. ಆ ಸಿಟ್ಟು ಇನ್ನೂ ಆರಿರಲಿಲ್ಲ. ಹೀಗಾಗಿ ಎರಡು ವಾರಗಳಿಂದ ಔಸ್ಮಾ ತೀಲೆಯ ತರಗತಿಯ ಕೊನೆಯ ಬೆಂಚಿನಲ್ಲಿ, ವಾಕ್ ಚಿಕಿತ್ಸೆ ಕಲಿಯುವ ಹುಡುಗಿಯರ ನಡುವೆ, ಕಿವಿಗೆ ಹೆಡ್‌ಫೋನ್ ಹಾಕಿ ಕೂರುತ್ತಿದ್ದಳು.

ತೀಲೆಗೆ ಅರವತ್ತೆಂಟು. ಅರ್ಧ ಲಾಟ್ವಿಯಾದ ಚಿಕಿತ್ಸಕಿಯರು ಅವಳ ಬೈಗುಳ ತಿಂದೇ ಹೊರಬಂದವರು.

ಕಲಿಯಬೇಕಾದ ಕೆಲಸ ನೋಡಲು ಸುಲಭ. ಧ್ವನಿಯನ್ನು ಯಂತ್ರ ಚಿತ್ರವಾಗಿ ತೋರಿಸುತ್ತದೆ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಶ್ರುತಿ. ಸ್ವರಗಳು ಕಪ್ಪು ಪಟ್ಟಿಗಳಾಗಿ ಮಲಗಿರುತ್ತವೆ. ಪ, ತ, ಕ ಥರದ್ದು ಬಂದಾಗ ಬಾಯಿ ಮುಚ್ಚಿ ಬಿಳಿ ಖಾಲಿ ಬೀಳುತ್ತದೆ. ಬಾಯಿ ಬಿಟ್ಟ ಕೂಡಲೆ ಒಂದು ತೆಳ್ಳಗಿನ ನೇರ ಗೆರೆ ಸಿಡಿಯುತ್ತದೆ. ಆ ಗೆರೆಯ ಮೇಲೆ ಗುರುತು ಹಾಕುತ್ತಾ ಹೋಗಬೇಕು. ರೋಗಿಯ ನಾಲಿಗೆ ಎಲ್ಲಿ ತಡವರಿಸಿತು, ಎಲ್ಲಿ ಸೋತಿತು ಎಂಬುದು ಆ ಗುರುತುಗಳ ಅಂತರದಿಂದ ತಿಳಿಯುತ್ತದೆ.

ಅಂದು ಹನ್ನೊಂದು ಗಂಟೆಯ ತರಗತಿಯಲ್ಲಿ ವೆಲ್ಗಾ ಸೆಪ್ಟೆಂಬರ್ ಹೆಸರಿನ ಮುದ್ರಣಕ್ಕೆ ಗುರುತು ಹಾಕುತ್ತಿದ್ದಳು. ಸತ್ತ ಮನುಷ್ಯ ಅವಳ ಕಿವಿಯಲ್ಲಿ ನಿಧಾನವಾಗಿ, ಗೊರಗುಟ್ಟುತ್ತಾ, ಲಾಟ್ವಿಯನ್ ಭಾಷೆಯಲ್ಲಿ ಬೆಕ್ಕು ಎನ್ನುತ್ತಿದ್ದ, ಚೆರ್ರಿ ಎನ್ನುತ್ತಿದ್ದ. ನಾಲಿಗೆಯ ನಡುಭಾಗವನ್ನು ಅಂಗುಳಕ್ಕೆ ಒತ್ತಿ ಬಿಡುವ, ಲಾಟ್ವಿಯನ್ ಮಕ್ಕಳು ಕಡೆಯಲ್ಲಿ ಕಲಿಯುವ ಧ್ವನಿ ಇರುವ ಮಾತುಗಳು ಅವು.

ಬೆನ್ನ ಹಿಂದೆ ತೀಲೆಯ ನೆರಳು ಬಿತ್ತು.

"ಇದೇನ್ರೀ ತನಿಖಾಧಿಕಾರಿಗಳೇ?"

"ಸಿಡಿತ, ಟೀಚರ್."

"ಇದು?"

"ಅದೂ ಸಿಡಿತವೇ."

"ಒಂದು ಧ್ವನಿಗೆ ಎರಡು ಸಿಡಿತಾನಾ? ಎಷ್ಟು ನಾಲಿಗೆ ಇತ್ತು ಆ ಮನುಷ್ಯನಿಗೆ? ನೀವು ಪೊಲೀಸ್ನೋರು ಎರಡು ನಾಲಿಗೆಯವರ ಜೊತೆಗೇ ಇರ್ತೀರಿ, ಅದಕ್ಕೆ ಹಾಗೆ ಕಾಣತ್ತೆ."

ಮುಂದಿನ ಸಾಲಿನ ಹುಡುಗಿಯರು ನಕ್ಕರು.

"ಹೋದ ವಾರ ಏನು ಮಾಡಿದ್ರು ಗೊತ್ತಾ ಇವರು?" ತೀಲೆ ತರಗತಿಯತ್ತ ತಿರುಗಿದಳು. "ನಮ್ಮ ವಾಲ್ಮಿಯೆರಾ ಜನ ಕೆಲವು ಮಾತಿನ ನಡುವೆ ಗಂಟಲು ಚೂರು ಹಿಡಿದು ಬಿಡ್ತಾರಲ್ಲ, ಅಜ್ಜ ಮುತ್ತಜ್ಜರ ಕಾಲದಿಂದ? ಅದನ್ನ ಎಲ್ಲ ಕಡೆ ಕೆಂಪಲ್ಲಿ ಗುರುತು ಹಾಕಿ ರೋಗ ಅಂತ ಬರೆದಿದ್ರು. ಇಡೀ ಊರಿಗೆ ಗಂಟಲುಬೇನೆ ಹಚ್ಚಿಬಿಟ್ರು. ಈ ವಾರ ಎರಡನೇ ನಾಲಿಗೆ!"

ವೆಲ್ಗಾ ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಕುಕ್ಕಿದಳು. "ಗೆರೆ ಇದೆ ಟೀಚರ್. ನಾನು ಹುಟ್ಟಿಸಿಲ್ಲ. ಕಣ್ಣಿದ್ರೆ ನೋಡಿ."

ತೀಲೆ ಕನ್ನಡಕ ಏರಿಸಿಕೊಂಡು ಬಗ್ಗಿದಳು. ಚಿತ್ರವನ್ನು ಹಿಂದಕ್ಕೆ ಎಳೆದಳು, ಮುಂದಕ್ಕೆ ಎಳೆದಳು. ಆಮೇಲೆ ಮಾತುಗಳ ನಡುವಿನ ಖಾಲಿಯನ್ನು, ಯಾರೂ ಏನೂ ಹೇಳದೆ ಇದ್ದ ಜಾಗವನ್ನು, ದೊಡ್ಡದು ಮಾಡಿದಳು. ಅಲ್ಲೂ ಗೆರೆಗಳಿದ್ದವು. ಕೆಳಗಿನಿಂದ ಮೇಲಿನವರೆಗೆ, ಚಾಕುವಿನಿಂದ ಸೀಳಿದಂತೆ.

"ಬಾಯಿ ಮುಚ್ಚಿಕೊಂಡಿರುವಾಗಲೂ ಸಿಡಿತಿದೆ," ಎಂದಳು ವೆಲ್ಗಾ.

"ಇದು ಬಾಯಿ ಅಲ್ಲ," ಎಂದಳು ತೀಲೆ. ಅವಳ ದನಿ ತಗ್ಗಿತ್ತು. "ಕಬ್ಬಿಣ. ಕೋಣೆ ಬೆಚ್ಚಗಿಡೋ ಹಳೇ ಕಬ್ಬಿಣದ ರೇಡಿಯೇಟರ್. ತಣ್ಣಗಿದ್ದದ್ದಕ್ಕೆ ಬಿಸಿನೀರು ಹರಿದರೆ ಹಿಗ್ಗತ್ತೆ, ಟಕ್ ಟಕ್ ಅನ್ನತ್ತೆ. ಕಿವಿ ಅದನ್ನ ತಳ್ಳಿಹಾಕತ್ತೆ, ಹುಟ್ಟಿದಾಗಿನಿಂದ ಕೇಳಿದೀವಲ್ಲ. ಯಂತ್ರ ತಳ್ಳಿಹಾಕಲ್ಲ. ಪ್ರತಿ ಶರತ್ಕಾಲ ನನ್ನ ಮಕ್ಕಳೆಲ್ಲ ಇದೇ ತಪ್ಪು ಮಾಡ್ತಾರೆ. ಪೈಪಿಗೆ ಬಿಸಿನೀರಿನ ಕಾವು ಬಿಟ್ಟ ಮೊದಲ ವಾರ ಮುದ್ರಣ ಮಾಡಲೇಬೇಡಿ ಅಂತ ಅದಕ್ಕೇ ಹೇಳೋದು."

ವೆಲ್ಗಾ ಎದ್ದು ನಿಂತಿದ್ದಳು. "ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ಯಾರು ಕಾವು ಬಿಡ್ತಾರೆ ಟೀಚರ್?"

"ಈ ಊರಲ್ಲಾ? ಹಲ್ಲು ಕಟಕಟ ಅಂದರೂ ಬಿಡಲ್ಲ."

ಅಕ್ಟೋಬರ್ ಹೆಸರಿನ ಮುದ್ರಣವನ್ನು ತೆರೆದರು. ಶುದ್ಧ ಧ್ವನಿ. ಮಾತುಗಳ ನಡುವೆ ಶುದ್ಧ ಮೌನ. ಒಂದೂ ಗೆರೆಯಿಲ್ಲ.

ವೆಲ್ಗಾ ಕಾರಿಡಾರಿಗೆ ಹೋಗಿ ಆಸ್ಪತ್ರೆಯ ಕಟ್ಟಡ ನೋಡಿಕೊಳ್ಳುವ ಹರಾಲ್ಡ್ಸ್‌ಗೆ ಫೋನ್ ಮಾಡಿದಳು.

"ಕಾವು ಯಾವತ್ತು ಬಿಟ್ರಿ?"

"ಅಕ್ಟೋಬರ್ ಒಂಬತ್ತು. ಯಾಕ್ರೀ, ನೀವೂ ಚಳಿ ಅಂತ ದೂರು ಕೊಡೋಕಾ?"

"ನಿಮ್ಮ ರೇಡಿಯೇಟರ್‌ಗಳು ಟಕ್ ಟಕ್ ಅನ್ನತ್ವಾ?"

"ಹೋದ ವರ್ಷ ಎಲ್ಲ ಹೊಸದು ಹಾಕಿದೀವಿ, ತೆಳ್ಳಗಿನ ಉಕ್ಕಿಂದು. ಉಸಿರೂ ಎತ್ತಲ್ಲ. ಹಳೇ ಕಬ್ಬಿಣದ್ದು ಒಂದೇ ಉಳಿದಿರೋದು, ಧ್ವನಿಕೋಣೇಲಿ. ಅದಂತೂ ಬಡ್ಕೊಳ್ಳತ್ತೆ."

ವೆಲ್ಗಾ ಫೋನ್ ಇಟ್ಟಳು. ಎರಡು ವಾರದಲ್ಲಿ ಮೊದಲ ಸಲ ಅವಳ ಸಿಟ್ಟಿಗೆ ಒಂದು ವಿಳಾಸ ಸಿಕ್ಕಿತ್ತು.

* * *

ಡಾಕ್ಟರ್ ಗುಂದಾರ್ಸ್ ಕ್ರೈಟ್ಸ್ ಕುಳಿತೇ ಕೈ ಚಾಚಿದ. ವೆಲ್ಗಾ ಹಿಡಿಯಲಿಲ್ಲ.

"ಮುದ್ರಣಗಳಿರೋ ಕಂಪ್ಯೂಟರಿಗೆ ಯಾರ್ಯಾರಿಗೆ ಪ್ರವೇಶ ಇದೆ ಡಾಕ್ಟ್ರೇ?"

"ದಾಗ್ನಿಯಾಗೆ. ನನಗೆ. ಈ ಪ್ರಶ್ನೆ ನೀವು ಹೋದ ವಾರವೇ ಕೇಳಿದ್ರಿ."

"ಅಕ್ಟೋಬರ್ ಹದಿನಾರನೇ ತಾರೀಖು ರೀಗಾದ ಸಮ್ಮೇಳನದಲ್ಲಿ ನಿಮ್ಮ ಭಾಷಣ ಇತ್ತು. ಆರು ವಾರದಲ್ಲಿ ಲಕ್ವದ ರೋಗಿ ಮಾತಾಡಿ, ಲೋಟದಲ್ಲಿ ಕುಡಿದು ಮನೆಗೆ ಹೋಗ್ತಾನೆ ಅನ್ನೋ ನಿಮ್ಮ ಹೊಸ ವಿಧಾನ. ತೋರಿಸಬೇಕಿದ್ದ ರೋಗಿ ರುಬೆನಿಸ್."

"ತೋರಿಸಲಿಲ್ಲ."

"ಸಾಯ್ತಾ ಇದ್ರಲ್ಲ. ಹೇಗೆ ತೋರಿಸ್ತೀರಿ?"

ಕ್ರೈಟ್ಸ್‌ನ ಕೆನ್ನೆ ಕೆಂಪಾಯಿತು. "ಮಾತಿನ ಮೇಲೆ ಹಿಡಿತ ಇರಲಿ."

"ಮಾತಿನ ಬಗ್ಗೆಯೇ ಬಂದಿರೋದು." ಅವಳು ಚಿತ್ರದ ಪ್ರತಿಯನ್ನು ಅವನ ಮುಂದೆ ಇಟ್ಟು, ಬೆರಳಿನಿಂದ ಗೆರೆ ತೋರಿಸುತ್ತಾ ಹೋದಳು. "ಇದು ಕಾವು ಬಿಟ್ಟ ರೇಡಿಯೇಟರಿನ ಸದ್ದು. ಕಾವು ಬಂದಿದ್ದು ಅಕ್ಟೋಬರ್ ಒಂಬತ್ತಕ್ಕೆ. ನೀವು ಸೆಪ್ಟೆಂಬರಿನದು ಅನ್ನೋ ಈ ಒದ್ದೆ ಧ್ವನಿ ಅಕ್ಟೋಬರಿನದು. ಆ ಮನುಷ್ಯ ಸುಧಾರಿಸಿರಲಿಲ್ಲ, ಹದಗೆಟ್ಟಿದ್ದ. ಚಿಕಿತ್ಸಕಿ ನಿಮಗೆ ಹೇಳಿದಳು. ನೀವು ಕೇಳಲಿಲ್ಲ. ಅವನು ಸತ್ತ ಮೇಲೆ ಹೆಸರು ಬದಲಾಯ್ತು."

"ಬೇಸಿಗೆಯ ಕೊನೆಗೆ ಪೈಪುಗಳ ಪರೀಕ್ಷೆ ಆಗತ್ತೆ. ಆಗಲೂ ಸದ್ದು ಬರತ್ತೆ."

"ತಣ್ಣೀರಲ್ಲಿ ಮಾಡ್ತಾರೆ. ಆಗಸ್ಟ್‌ನಲ್ಲಿ. ಕೇಳಿಕೊಂಡೇ ಬಂದೆ."

ಕ್ರೈಟ್ಸ್ ಚಿತ್ರವನ್ನು ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಮೆಲ್ಲಗೆ ಅವಳತ್ತ ತಳ್ಳಿದ. ಅವನ ಮುಖದಲ್ಲಿದ್ದದ್ದು ಭಯವಾಗಿರಲಿಲ್ಲ.

"ಇದು ರೇಡಿಯೇಟರ್ ಅಂತ ನಿಮಗೆ ಯಾರು ಹೇಳಿದ್ದು?"

"ಔಸ್ಮಾ ತೀಲೆ."

"ಹಾಗೆ." ಅವನು ನಕ್ಕ. "ದಾಗ್ನಿಯಾಗೆ ಚರ್ಚಿನಲ್ಲಿ ದೀಕ್ಷಾಸ್ನಾನದ ನೀರು ಹಾಕಿದ ದಿನ ಮಗೂನ ಎತ್ತಿ ಹಿಡಿದಿದ್ದು ಯಾರು ಅಂತ ಅವರು ಹೇಳಿದ್ರಾ? ಇಲ್ವಾ? ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ತೀಲೆ ಅವಳ ಧರ್ಮತಾಯಿ. ಆರೋಪಿಯ ಧರ್ಮತಾಯಿ ನಿಮ್ಮ ಕಿವಿ ಹಿಡಿದು ಪಾಠ ಹೇಳಿದಾಳೆ, ನೀವು ಕಲಿತು ಬಂದು ನನ್ನ ಮುಂದೆ ಒಪ್ಪಿಸ್ತಾ ಇದೀರಿ."

ವೆಲ್ಗಾ ಅಲ್ಲೇ, ಅವನ ಮುಂದೆಯೇ, ಫೋನ್ ಮಾಡಿದಳು.

"ಟೀಚರ್, ದಾಗ್ನಿಯಾ ನಿಮಗೆ ಏನಾಗಬೇಕು?"

"ಧರ್ಮಮಗಳು."

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕಲಿಯೋಕೆ ಬರ್ತಿದ್ರಾ?"

"ಇಲ್ಲ!"

"ಅದಕ್ಕೇ ಹೇಳಲಿಲ್ಲ."

"ನನ್ನ ಮರ್ಯಾದೆ ತೆಗೆದ್ರಲ್ಲ ನೀವು! ನ್ಯಾಯಾಲಯದಲ್ಲಿ ಇದನ್ನ ಒಂದು ನಿಮಿಷಕ್ಕೆ ಚಿಂದಿ ಮಾಡ್ತಾರೆ!"

"ಕಿರುಚಬೇಡಿ. ಗೆರೆ ಕಂಡಿದ್ದು ನೀವು. ನಾನು ಅದು ನಾಲಿಗೆ ಅಲ್ಲ ಅಂದೆ, ಅಷ್ಟೆ. ನನ್ನ ಮಾತು ಬೇಡ ಅಂದ್ರೆ ಬಿಡಿ. ರೇಡಿಯೇಟರಿಗೆ ಧರ್ಮತಾಯಿ ಇಲ್ಲ. ಅದನ್ನ ಹೋಗಿ ಕೇಳಿ."

ವೆಲ್ಗಾ ಫೋನನ್ನು ಜೇಬಿಗೆ ತುರುಕಿದಳು. "ಏಳಿ ಡಾಕ್ಟ್ರೇ. ಧ್ವನಿಕೋಣೆಗೆ ಹೋಗೋಣ. ಹರಾಲ್ಡ್ಸ್‌ನೂ ಕರೀರಿ. ನಾನೇ ಮುದ್ರಣ ಮಾಡ್ತೀನಿ, ನಾನೇ ಗುರುತು ಹಾಕ್ತೀನಿ, ನೀವಿಬ್ಬರೂ ನೋಡ್ತೀರಿ."

* * *

ಧ್ವನಿಕೋಣೆ ಹಳೆಯ ಕಟ್ಟಡದ ತುದಿಯಲ್ಲಿತ್ತು. ಗೋಡೆಗಳಿಗೆ ದಪ್ಪ ಬಟ್ಟೆ, ಒಂದು ಮೇಜು, ಒಂದು ಮೈಕ್, ಎರಡು ಕುರ್ಚಿ. ಕಿಟಕಿಯ ಕೆಳಗೆ, ಪರದೆಯ ಹಿಂದೆ, ಹಳೆಯ ಕಬ್ಬಿಣದ ರೇಡಿಯೇಟರ್.

ವೆಲ್ಗಾ ಯಂತ್ರ ಚಾಲೂ ಮಾಡಿದಳು. ಮೂವರೂ ಮಾತಿಲ್ಲದೆ ನಿಂತರು.

ಚಿತ್ರ ಬಿಳಿಯಾಗಿ ಹರಿಯಿತು. ಗೆರೆ ಬರಲಿಲ್ಲ.

"ಬಿಸಿ ಆಗಿಬಿಟ್ಟಿರತ್ತೆ," ಎಂದ ಹರಾಲ್ಡ್ಸ್. "ಪೂರ್ತಿ ಬಿಸಿಯಾದ ಮೇಲೆ ಸುಮ್ಮನಾಗತ್ತೆ ಕೆಲವು ಸಲ."

ವೆಲ್ಗಾ ಪರದೆ ಸರಿಸಿ ಕಬ್ಬಿಣದ ಮೇಲೆ ಕೈಯಿಟ್ಟಳು.

ತಣ್ಣಗಿತ್ತು.

ಅವಳು ಮಂಡಿಯೂರಿ ತಿರುಪನ್ನು ಹುಡುಕಿದಳು. ತಿರುಪಿನ ಮೇಲೆ, ಪೈಪಿನ ಮೇಲೆ, ಎರಡೂ ಸೇರುವ ಸಂದಿಯ ಮೇಲೆ ಒಂದೇ ಬಿಳಿ ಬಣ್ಣ ಒಣಗಿ ಗಟ್ಟಿಯಾಗಿತ್ತು. ಎಲ್ಲೂ ಬಿರುಕಿಲ್ಲ. ಬಣ್ಣ ಬಳಿದ ಮೇಲೆ ಯಾರೂ ಅದನ್ನು ತಿರುಗಿಸಿರಲಿಲ್ಲ.

"ಈ ಬಣ್ಣ ಯಾವಾಗ ಹೊಡೆದಿದ್ದು?"

ಹರಾಲ್ಡ್ಸ್ ಬಗ್ಗಿ ನೋಡಿ ತಲೆ ಕೆರೆದುಕೊಂಡ. "ಹೊಸದು ಹಾಕಿದಾಗಲೇ... ಹೋದ ವರ್ಷ. ಥೂ, ಇದನ್ನ ಮುಚ್ಚಿಬಿಟ್ಟಿದಾರೆ. ಸದ್ದು ಅಂತ ಮುಚ್ಚಿಸಿರಬೇಕು."

"ಬಡ್ಕೊಳ್ಳತ್ತೆ ಅಂದ್ರಲ್ರೀ ಫೋನಲ್ಲಿ!"

"ಹಳೇ ಕಬ್ಬಿಣ ಅಂದ ಮೇಲೆ ಬಡ್ಕೊಳ್ಳತ್ತೆ ಅಂತ ಅಂದೆ. ಇಲ್ಲಿಗೆ ಬಂದು ಯಾರು ಕೂರ್ತಾರೆ?"

"ನೋಡದೆ ಹೇಳಿದ್ರಿ!"

"ನೀವೂ ನೋಡದೆ ಕೇಳಿದ್ರಿ," ಎಂದು ಹರಾಲ್ಡ್ಸ್ ಕೂಡ ದನಿ ಏರಿಸಿದ.

ಅವನು ಹೇಳಿದ್ದು ಸರಿಯಾಗಿತ್ತು, ಅದು ವೆಲ್ಗಾಳ ಸಿಟ್ಟನ್ನು ಇಮ್ಮಡಿಸಿತು.

ಕ್ರೈಟ್ಸ್ ನಗುತ್ತಾ ಬಾಗಿಲಿಗೆ ಒರಗಿ ನಿಂತಿದ್ದ. "ಅಂದರೆ ನಿಮ್ಮ ಗೆರೆಗಳು ಈ ಕೋಣೆಯವಲ್ಲ. ಉಳಿದ ಕೋಣೆಗಳಲ್ಲಿ ಉಕ್ಕಿನದು, ಸದ್ದು ಮಾಡಲ್ಲ. ಹಾಗಾದರೆ ಆ ಮುದ್ರಣ ಆಸ್ಪತ್ರೆಯಲ್ಲೇ ಆಗಿಲ್ಲ. ಇಲ್ಲೇ ಮಾಡಿದೆ, ನನ್ನ ಕೈಯಾರೆ ಮಾಡಿದೆ ಅಂತ ಸಹಿ ಹಾಕಿ ಹೇಳಿಕೆ ಕೊಟ್ಟಿದ್ದು ಯಾರು? ನಾನಾ?"

"ರುಬೆನಿಸ್ ಆಸ್ಪತ್ರೆಯಿಂದ ಹೊರಗೆ ಹೋಗಿದ್ರಾ?"

"ಒಂದೇ ಸಲ. ಹನ್ನೊಂದು, ಹನ್ನೆರಡು ಅಕ್ಟೋಬರ್, ಶನಿವಾರ ಭಾನುವಾರ. ಹೆಂಡತಿ ಬಂದು ಮನೆಗೆ ಕರಕೊಂಡು ಹೋದಳು. ನಾನೇ ರಜೆ ಕೊಟ್ಟೆ." ಅಷ್ಟು ಹೇಳಿ ಕ್ರೈಟ್ಸ್ ನಿಲ್ಲಿಸಿದ. ಆ ದಿನಾಂಕಗಳ ಅರ್ಥ ಅವನಿಗೂ ಆಗಲೇ ಹೊಳೆದಂತಿತ್ತು. ಅವನ ನಗು ಆರಿತು.

ವೆಲ್ಗಾ ಕೈಗಳ ಧೂಳನ್ನು ಕೊಡವಿಕೊಂಡು ಎದ್ದಳು.

* * *

ಠಾಣೆಯ ವಿಚಾರಣೆಯ ಕೋಣೆಯಲ್ಲಿ ದಾಗ್ನಿಯಾ ಕೋಟು ತೆಗೆಯದೆ ಕುಳಿತಿದ್ದಳು.

"ಒದ್ದೆ ಧ್ವನಿಯ ಮುದ್ರಣ ಎಲ್ಲಿ ಮಾಡಿದ್ರಿ?"

"ಹೇಳಿದೀನಲ್ಲ. ಧ್ವನಿಕೋಣೆ."

"ಇನ್ನೊಂದು ಸಲ ಯೋಚನೆ ಮಾಡಿ ಹೇಳಿ."

"ಧ್ವನಿಕೋಣೆ."

ವೆಲ್ಗಾ ಎರಡು ಚಿತ್ರಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಒಂದರಲ್ಲಿ ಗೆರೆಗಳು, ಇನ್ನೊಂದು ಆ ಮಧ್ಯಾಹ್ನ ಧ್ವನಿಕೋಣೆಯಲ್ಲಿ ಸಿಕ್ಕ ಬಿಳಿ. ಏನು ಎತ್ತ ಎಂದು ವಿವರಿಸಬೇಕಾಗಲಿಲ್ಲ. ದಾಗ್ನಿಯಾ ಈ ಚಿತ್ರಗಳನ್ನು ಓದಿಯೇ ಅನ್ನ ತಿಂದವಳು. ಅವಳ ಕಣ್ಣು ಮೊದಲ ಗೆರೆಯ ಮೇಲೆ ನಿಂತಿತು, ಎರಡನೆಯದಕ್ಕೆ ಹೋಯಿತು, ಅಲ್ಲಿಂದ ಮೇಲೇಳಲಿಲ್ಲ.

"ರೇಡಿಯೇಟರ್," ಎಂದಳು, ತನಗೆ ತಾನೇ. "ನನಗೆ ಕೇಳಿಸಿರಲೇ ಇಲ್ಲ."

"ಯಾರಿಗೂ ಕೇಳಿಸಲ್ಲ. ಈಗ ಕೇಳಿ. ಇದು ರುಬೆನಿಸ್ ಮನೆಯಲ್ಲಿ ಆಗಿದ್ದರೆ ಅಕ್ಟೋಬರ್ ಹನ್ನೊಂದೋ ಹನ್ನೆರಡೋ ಆಗಿರಬೇಕು. ಅವರು ಬೇರೆ ಯಾವತ್ತೂ ಮನೆಗೆ ಹೋಗಿಲ್ಲ. ಹನ್ನೊಂದಕ್ಕೆ ಧ್ವನಿ ಒದ್ದೆ ಇತ್ತು ಅಂದರೆ ಹದಿಮೂರಕ್ಕೆ ನೀವು ಅನುಮತಿ ಕೊಟ್ಟಿರೋಕೆ ಸಾಧ್ಯ ಇಲ್ಲ. ನಿಮ್ಮ ಮಾತೆಲ್ಲ ನಿಜ ಆಗತ್ತೆ. ಮನೆಗೆ ಹೋಗ್ತೀರಿ. ಒಂದು ವಾಕ್ಯ ಸಾಕು. ಅವರ ಮನೆಯಲ್ಲಿ ಮಾಡಿದೆ ಅನ್ನಿ."

"ಇಲ್ಲ."

"ಏನು ಇಲ್ಲ?"

"ಆ ಮನೆ ನಾನು ನೋಡೇ ಇಲ್ಲ."

ವೆಲ್ಗಾ ಮೇಜಿಗೆ ಗುದ್ದಿದಳು. "ಸುಳ್ಳು ಹೇಳಬೇಡ! ಎರಡು ವಾರ ನಿನ್ನನ್ನ ಉಳಿಸೋಕೆ ಅಂತ ಆ ಮುದುಕಿ ಹತ್ತಿರ ಬೈಸಿಕೊಂಡು ಕೂತಿದೀನಿ. ಬೆಳಿಗ್ಗೆ ನಿನ್ನ ಕೈಗೆ ಹೆಣದ ಹೂ ಕೊಟ್ಟಿದಾರೆ. ನಿನ್ನ ಬಿಡುಗಡೆ ನಿನ್ನ ಬಾಯಲ್ಲೇ ಇದೆ, ಬಾಯಿ ಬಿಡಲ್ಲ ಅಂತೀಯಲ್ಲ! ಯಾರನ್ನ ಕಾಯ್ತಾ ಇದೀಯಾ?"

ದಾಗ್ನಿಯಾ ಕೂಡ ಎದ್ದು ನಿಂತಳು. ಅಷ್ಟು ದಿನ ತಡೆದ ಸಿಟ್ಟು ಅವಳ ದನಿಯಲ್ಲೂ ಒಡೆಯಿತು. "ನಾನು ಏವಾಲ್ಡ್ಸ್‌ಗೆ ಆ ಚಹಾ ಕೊಡಲಿಲ್ಲ, ಕೊಡಿ ಅಂತಲೂ ಹೇಳಲಿಲ್ಲ! ಅಷ್ಟು ಹುಡುಕಿ. ಅದು ನಿಮ್ಮ ಕೆಲಸ. ಆ ಕೋಣೆ ಯಾವುದು ಅಂತ ನೂರು ಸಲ ಕೇಳಿದರೂ ಧ್ವನಿಕೋಣೆ ಅಂತಲೇ ಹೇಳ್ತೀನಿ. ಒಳಗೆ ಹಾಕ್ತೀರಾ? ಹಾಕಿ."

ಸತ್ತ ರೋಗಿಯನ್ನು ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ವೆಲ್ಗಾ ಅದನ್ನು ಗಮನಿಸಿದಳು. ರೋಗಿಯನ್ನು ಯಾವ ಚಿಕಿತ್ಸಕಿಯೂ ಹಾಗೆ ಕರೆಯುವುದಿಲ್ಲ.

ಬೆಳಗಿನಿಂದ ಮೂರು ಸಲ ಫೋನ್ ಮಾಡಿದ್ದ ಪ್ರಾಸಿಕ್ಯೂಟರ್‌ಗೆ ಅವಳು ಈಗ ತಿರುಗಿ ಫೋನ್ ಮಾಡಿದಳು. ಸುಳ್ಳು ಹೇಳಿಕೆ ಸಾಬೀತಾಗಿದೆ, ದಾಗ್ನಿಯಾಳನ್ನು ವಶಕ್ಕೆ ತೆಗೆದುಕೊಳ್ಳುತ್ತೇನೆ ಎಂದಳು. ಅತ್ತ ಕಡೆಯಿಂದ ಸಮಾಧಾನದ ಉಸಿರು ಕೇಳಿಸಿತು.

ಕೆಳಮಹಡಿಯಲ್ಲಿ ಪೇದೆ ದಾಗ್ನಿಯಾಳ ಸಾಮಾನುಗಳನ್ನು ತಟ್ಟೆಗೆ ತೆಗೆದಿಟ್ಟ. ಫೋನ್, ಬೆಲ್ಟ್, ಒಂದು ಬಳೆ, ಕೀಲಿಗೊಂಚಲು. ಗೊಂಚಲಿನಲ್ಲಿ ಎರಡು ಕೀಲಿ.

"ಇದು?" ಎಂದು ಕೇಳಿದಳು ವೆಲ್ಗಾ.

"ನನ್ನ ಮನೆದು."

"ಇದು?"

"ಹಳೇದು. ಯಾವುದರದೋ ನೆನಪಿಲ್ಲ."

ವೆಲ್ಗಾ ಎರಡನೆಯ ಕೀಲಿಯನ್ನು ಗೊಂಚಲಿನಿಂದ ಬಿಡಿಸಿಕೊಂಡು, ಪೇದೆಗೆ ರಸೀದಿ ಬರೆದುಕೊಟ್ಟು, ಹೊರಟಳು. ದಾಗ್ನಿಯಾ ಹಿಂದಿನಿಂದ ಅವಳ ಹೆಸರು ಕೂಗಿದಳು. ಅವಳು ತಿರುಗಲಿಲ್ಲ.

ರುಬೆನಿಸ್ ಅವರ ಮನೆ ಗೌಯಾ ನದಿಯ ಆಚೆ ದಡದ ಐದು ಅಂತಸ್ತಿನ ಕಟ್ಟಡದಲ್ಲಿ, ಮೂರನೆಯ ಮಹಡಿಯಲ್ಲಿತ್ತು. ಮೆಟ್ಟಿಲ ಬಳಿಯ ಹಳೆಯ ಕಬ್ಬಿಣದ ರೇಡಿಯೇಟರ್ ಆಗಾಗ ಟಕ್ ಎನ್ನುತ್ತಿತ್ತು. ವೆಲ್ಗಾ ಗಂಟೆ ಒತ್ತಿದಳು. ಬಿರುತಾ ಬಾಗಿಲು ತೆರೆದಳು. ಕಪ್ಪು ಸ್ವೆಟರ್ ಮೇಲೆ ಅಡುಗೆಯ ಏಪ್ರನ್ ಕಟ್ಟಿದ್ದಳು, ಕೈ ಒದ್ದೆಯಿತ್ತು.

"ಹಿಡಿದ್ರಂತೆ ಅವಳನ್ನ," ಎಂದಳು. "ಒಳ್ಳೇದಾಯ್ತು."

"ಒಂದು ನಿಮಿಷ ಬಾಗಿಲು ಹಾಗೇ ಹಿಡಕೊಂಡಿರಿ," ಎಂದಳು ವೆಲ್ಗಾ.

ಅವಳು ಜೇಬಿನಿಂದ ಕೀಲಿ ತೆಗೆದು, ತೆರೆದ ಬಾಗಿಲಿನ ಬೀಗಕ್ಕೆ ಹಾಕಿ ತಿರುಗಿಸಿದಳು. ಬೀಗದ ನಾಲಿಗೆ ಹೊರಗೆ ಬಂತು. ಹಿಂದಕ್ಕೆ ತಿರುಗಿಸಿದಳು. ಒಳಗೆ ಹೋಯಿತು. ಈ ಮನೆ ನೋಡೇ ಇಲ್ಲ ಎಂದಿದ್ದ ದಾಗ್ನಿಯಾಳ ಗೊಂಚಲಿನ ಕೀಲಿ ಅದು.

ಬಿರುತಾ ಕೀಲಿಯನ್ನು ನೋಡಿದಳು. ಅದು ಯಾರದೆಂದು ಕೇಳಲಿಲ್ಲ, ಅವಳಿಗೆ ಗೊತ್ತಿತ್ತು. ಏಪ್ರನ್ನಿಗೆ ಕೈ ಒರೆಸಿಕೊಂಡು ವೆಲ್ಗಾಳನ್ನು ಒಳಗೆ ಬಿಟ್ಟು, ಬಾಗಿಲು ಮುಚ್ಚಿದಳು.